ಬ್ರೈನ್ ಮ್ಯಾಪಿಂಗ್ ರಿಪೋರ್ಟಿನಲ್ಲಿ ಕೆಂಪು ಬಣ್ಣ ಬಂದಿದೆ, ಮಗನಿಗೆ ಏನಾಗಿದೆ?

ಪ್ರಶ್ನೆ: ನನ್ನ ಮಗನಿಗೆ 9 ವರ್ಷ, ನಾಲ್ಕನೇ ಕ್ಲಾಸು. ಹೋದ ವರ್ಷ ಕನ್ನಡ ಶಾಲೆ ಬಿಡಿಸಿ ಇಂಗ್ಲಿಷ್ ಮೀಡಿಯಂಗೆ ಹಾಕಿದೆವು. ಕೂತಲ್ಲಿ ಕೂರುವುದಿಲ್ಲ, ಪಕ್ಕದ ಹುಡುಗರಿಗೆ ಹೊಡೆಯುತ್ತಾನೆ ಅಂತ ವಾರಕ್ಕೆ ಎರಡು ಸಲ ಡೈರಿಯಲ್ಲಿ ಬರೆದು ಕಳಿಸುತ್ತಾರೆ. ಅವರಪ್ಪನ ಜೇಬಿನಿಂದ ಎರಡು ಸಲ ದುಡ್ಡು ತೆಗೆದು ಚಿಪ್ಸ್ ತಂದಿದ್ದಾನೆ. ಗೊತ್ತಿರುವವರು ಹೇಳಿದರೆಂದು ಒಂದು ಸೆಂಟರಿಗೆ ಕರೆದುಕೊಂಡು ಹೋದೆವು. ತಲೆಗೆ ಟೋಪಿ ಹಾಕಿ ಬ್ರೈನ್ ಮ್ಯಾಪಿಂಗ್ ಮಾಡಿ 6,000 ರೂಪಾಯಿ ತೆಗೆದುಕೊಂಡರು. ರಿಪೋರ್ಟಿನಲ್ಲಿ ತಲೆಯ ಮುಂಭಾಗ ಕೆಂಪಗಿದೆ. ‘ಥೀಟಾ-ಬೀಟಾ ರೇಶಿಯೋ 5.1, ಎಡಿಎಚ್‌ಡಿ ಮತ್ತು ಇಂಪಲ್ಸ್ ಕಂಟ್ರೋಲ್ ಡಿಸಾರ್ಡರ್’ ಅಂತ ಬರೆದಿದ್ದಾರೆ. ನ್ಯೂರೋಫೀಡ್‌ಬ್ಯಾಕ್ ಅಂತ 40 ಸಿಟ್ಟಿಂಗ್ ಬೇಕಂತೆ, ಒಂದಕ್ಕೆ 1,200 ರೂಪಾಯಿ. ನಮ್ಮ ಮನೆಯವರು ಒಪ್ಪಿದ್ದಾರೆ. ಅತ್ತೆ ಮಾತ್ರ ‘ಮಗೂನ ಮಿದುಳಿಗೆ ಏನೋ ಆಗಿದೆ’ ಅಂತ ಅಳುತ್ತಾ ಕೂತಿದ್ದಾರೆ. ಈ ರಿಪೋರ್ಟ್ ನಂಬಬಹುದಾ ಡಾಕ್ಟ್ರೇ?
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ನಿಮ್ಮ ಅತ್ತೆಯವರಿಗೆ ಸಮಾಧಾನ ಹೇಳಿ. ಆ ಚಿತ್ರದಲ್ಲಿರುವ ಕೆಂಪು ಗಾಯವೂ ಅಲ್ಲ, ಬಾವೂ ಅಲ್ಲ. ನಿಮ್ಮ ಮಗನ ಅಳತೆ ಆ ಕಂಪ್ಯೂಟರಿನಲ್ಲಿರುವ ಸರಾಸರಿಗಿಂತ ಜಾಸ್ತಿ ಬಂದ ಕಡೆ ಸಾಫ್ಟ್‌ವೇರ್ ಕೆಂಪು ಬಳಿಯುತ್ತದೆ, ಕಡಿಮೆ ಬಂದ ಕಡೆ ನೀಲಿ. ಅದೇ ಅಂಕಿಗೆ ಹಸಿರು ಬಣ್ಣ ಆರಿಸಿದ್ದರೆ ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ. ಅದು ಮಿದುಳಿನ ಫೋಟೋ ಅಲ್ಲ, ಲೆಕ್ಕದ ಮೇಲೆ ಬಳಿದ ಬಣ್ಣ.

ಇನ್ನು ನೇರ ಉತ್ತರ. ಆ ರಿಪೋರ್ಟ್ ಒಂದನ್ನೇ ಹಿಡಿದುಕೊಂಡು ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ, ದುಡುಕುವ ತೊಂದರೆ) ಇದೆ ಅನ್ನಲು ಬರುವುದಿಲ್ಲ. ಇಲ್ಲ ಅನ್ನಲೂ ಬರುವುದಿಲ್ಲ. 40 ಸಿಟ್ಟಿಂಗಿಗೆ 48,000 ರೂಪಾಯಿ ಆಯ್ತು, ಅದನ್ನು ಸದ್ಯಕ್ಕೆ ಕಟ್ಟಬೇಡಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನಿಮ್ಮ ಯಜಮಾನರಿಗೂ ಓದಲು ಕೊಡಿ.

ಟೋಪಿ ಹಾಕಿ ಅವರು ತೆಗೆದಿದ್ದು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ಅಳತೆ. ಸಾಮಾನ್ಯವಾಗಿ ತಲೆಯ ಮೇಲೆ 19 ಕಡೆ ಸಣ್ಣ ಬಿಲ್ಲೆಗಳು ಕೂರುತ್ತವೆ, ಕಿವಿಗೊಂದೊಂದು. ಮಧ್ಯೆ ಜೆಲ್. ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚಿದ್ದರೆ ಟೆಕ್ನಿಶಿಯನ್ ಮುಖ ಸಿಂಡರಿಸುತ್ತಾರೆ, ಬಿಲ್ಲೆ ಸರಿಯಾಗಿ ಅಂಟುವುದಿಲ್ಲ. ಆ ಬಿಲ್ಲೆಗಳು ಹಿಡಿಯುವ ವಿದ್ಯುತ್ ಎಷ್ಟು ಗೊತ್ತಾ? ಟಾರ್ಚಿನ ಒಂದು ಸೆಲ್ 1.5 ವೋಲ್ಟ್, ಅಂದರೆ 15 ಲಕ್ಷ ಮೈಕ್ರೋವೋಲ್ಟ್. ತಲೆಯ ಮೇಲೆ ಸಿಗುವುದು ಕೆಲವು ಹತ್ತು ಮೈಕ್ರೋವೋಲ್ಟ್, 50 ಅಂತ ಇಟ್ಟುಕೊಳ್ಳಿ. ಸೆಲ್ಲಿನ 30 ಸಾವಿರದಲ್ಲಿ ಒಂದು ಪಾಲು! ಅಷ್ಟು ಸಣ್ಣ ಸದ್ದಿನ ಮಧ್ಯೆ ಹುಡುಗ ಕಣ್ಣು ಮಿಟುಕಿಸಿದರೆ ಹಣೆಯ ಬಿಲ್ಲೆಗಳಲ್ಲಿ ದೊಡ್ಡ ನಿಧಾನದ ಅಲೆ ಏಳುತ್ತದೆ. ಹಲ್ಲು ಕಚ್ಚಿದರೆ, ಹಣೆ ಗಂಟಿಕ್ಕಿದರೆ ಸ್ನಾಯುವಿನ ವೇಗದ ಗಿಜಿಗಿಜಿ ಸೇರಿಕೊಳ್ಳುತ್ತದೆ. ಕೂತಲ್ಲಿ ಕೂರದ ಹುಡುಗನ ಇಇಜಿ ತೆಗೆಯುವುದು ಹೇಗಿರುತ್ತದೆ ಅಂತ ನೀವೇ ಊಹಿಸಿ.

ಥೀಟಾ ಅಂದರೆ ಸೆಕೆಂಡಿಗೆ ಸುಮಾರು 4ರಿಂದ 8 ಸಲ ಏಳುವ ನಿಧಾನದ ಅಲೆ. ಬೀಟಾ ಅಂದರೆ 13ಕ್ಕಿಂತ ಜಾಸ್ತಿ ಸಲ ಏಳುವ ವೇಗದ ಅಲೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ನಿಮ್ಮ ರಿಪೋರ್ಟಿನ ಆ 5.1. ಗಮನ ಕಡಿಮೆ ಇರುವ ಮಕ್ಕಳಲ್ಲಿ ನಿಧಾನದ ಅಲೆ ಜಾಸ್ತಿ ಅನ್ನುವುದು ಇದರ ಹಿಂದಿನ ಲೆಕ್ಕಾಚಾರ. ಆದರೆ ಥೀಟಾ ಏರಲು ಬೇರೆ ಕಾರಣ ಬೇಕಾದಷ್ಟಿವೆ. ಚಿಕ್ಕ ಮಕ್ಕಳಲ್ಲಿ ಅದು ಸಹಜವಾಗಿಯೇ ಜಾಸ್ತಿ, ಬೆಳೆಯುತ್ತಾ ಇಳಿಯುತ್ತದೆ. ತೂಕಡಿಕೆ ಬಂದರೆ ಏರುತ್ತದೆ. ಬೆಳಗ್ಗೆ 5 ಗಂಟೆಗೆ ಎಬ್ಬಿಸಿ, ಬಸ್ಸಿನಲ್ಲಿ ಕೂರಿಸಿ ಕರೆದುಕೊಂಡು ಹೋದಿರಾ? ಅಲ್ಲಿ ಹೋಗಿ ಎರಡು ತಾಸು ಕಾದಿರಾ? ಹಾಗಿದ್ದರೆ ಆ ಕೆಂಪು ಬಣ್ಣದಲ್ಲಿ ಒಂದು ಪಾಲು ಬಸ್ಸಿನದೂ ಇರಬಹುದು.

ಈ ಹುಡುಕಾಟ ಹೊಸದೇನಲ್ಲ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಸಲ ಮನುಷ್ಯರ ಇಇಜಿ ತೆಗೆದರು, 1929ರಲ್ಲಿ ಪ್ರಕಟಿಸಿದರು. ಅದಾಗಿ ಹತ್ತು ವರ್ಷ ತುಂಬುವುದರೊಳಗೆ, 1938ರಲ್ಲಿ, ಅಮೆರಿಕದ ರೋಡ್ ಐಲೆಂಡಿನಲ್ಲಿ ಹರ್ಬರ್ಟ್ ಜಾಸ್ಪರ್, ಚಾರ್ಲ್ಸ್ ಬ್ರಾಡ್ಲಿ ಮತ್ತವರ ಜೊತೆಗಾರರು ‘ನಡವಳಿಕೆಯ ತೊಂದರೆ’ ಇರುವ ಮಕ್ಕಳ ಇಇಜಿ ತೆಗೆದು, ಹಣೆಯ ಕಡೆ ನಿಧಾನದ ಅಲೆಗಳಿವೆ ಅಂತ ಬರೆದರು. ಅದಕ್ಕೆ ಒಂದು ವರ್ಷ ಮೊದಲು ಇದೇ ಬ್ರಾಡ್ಲಿ ಅಂಥ 30 ಮಕ್ಕಳಿಗೆ ಬೆಂಜೆಡ್ರಿನ್ ಅನ್ನುವ ಔಷಧಿ ಕೊಟ್ಟು, ಅರ್ಧದಷ್ಟು ಮಕ್ಕಳು ಓದಿನಲ್ಲಿ ಎದ್ದು ಕಾಣುವಂತೆ ಸುಧಾರಿಸಿದ್ದನ್ನು ನೋಡಿದ್ದರು. ಒಂದೇ ಜಾಗ, ಹೆಚ್ಚುಕಮ್ಮಿ ಒಂದೇ ಕಾಲ. ಔಷಧಿಯ ದಾರಿ ಬೆಳೆದು ಇವತ್ತು ನಾವು ಬರೆದುಕೊಡುವ ಮಾತ್ರೆಗಳವರೆಗೆ ಬಂತು. ಇಇಜಿಯ ದಾರಿ 80 ವರ್ಷ ದಾಟಿದರೂ ಎಡಿಎಚ್‌ಡಿ ಪತ್ತೆಗೆ ಒಂದು ಒಪ್ಪಿತ ಟೆಸ್ಟ್ ಕೊಟ್ಟಿಲ್ಲ.

ನಡುವೆ ಒಮ್ಮೆ ಸಿಕ್ಕೇಬಿಟ್ಟಿತು ಅನ್ನಿಸಿತ್ತು. 1999ರಲ್ಲಿ ವಿನ್ಸೆಂಟ್ ಮೊನಾಸ್ಟ್ರಾ ತಂಡ 482 ಜನರ ಮೇಲೆ ಥೀಟಾ-ಬೀಟಾ ಅಳೆದು, ಎಡಿಎಚ್‌ಡಿ ಇರುವವರಲ್ಲಿ ನೂರಕ್ಕೆ 86 ಮಂದಿಯನ್ನು ಸರಿಯಾಗಿ ಹಿಡಿದೆವು, ಇಲ್ಲದವರಲ್ಲಿ ನೂರಕ್ಕೆ 98 ಮಂದಿಯನ್ನು ಸರಿಯಾಗಿ ಬಿಟ್ಟೆವು ಅಂದಿತು. ರಕ್ತಪರೀಕ್ಷೆಗೂ ಇಂಥ ಅಂಕ ಬಂದರೆ ಖುಷಿಪಡುತ್ತೇವೆ. ಆಮೇಲೆ ಬೇರೆ ಬೇರೆ ಕಡೆ ಅಳೆದರು. 2013ರಲ್ಲಿ ಮಾರ್ಟೈನ್ ಆರ್ನ್ಸ್ ಮತ್ತಿತರರು 9 ಅಧ್ಯಯನ ಒಟ್ಟುಗೂಡಿಸಿದರು. ಎಡಿಎಚ್‌ಡಿ ಇರುವ 1,253 ಮಕ್ಕಳು, ಇಲ್ಲದ 517 ಮಕ್ಕಳು. ನೋಡಿದರೆ, ವರ್ಷ ಕಳೆದಂತೆ ಎರಡೂ ಗುಂಪಿನ ಅಂತರ ಕಡಿಮೆಯಾಗುತ್ತಾ ಬಂದಿದೆ. ತಮಾಷೆ ಏನಂದರೆ, ತೊಂದರೆ ಇಲ್ಲದ ಮಕ್ಕಳ ಥೀಟಾ-ಬೀಟಾನೇ ಏರುತ್ತಾ ಬಂದಿತ್ತು. ಈಗಿನ ಮಕ್ಕಳು ನಿದ್ದೆ ಕಡಿಮೆ ಮಾಡುತ್ತಿರುವುದು ಕಾರಣ ಇರಬಹುದಾ ಅಂತ ಅವರೇ ಅನುಮಾನಪಟ್ಟರು. ಇದನ್ನೊಂದನ್ನೇ ಇಟ್ಟುಕೊಂಡು ಎಡಿಎಚ್‌ಡಿ ಪತ್ತೆ ಮಾಡಲಾಗದು ಅಂತ ಬರೆದರು.

ಅದೇ 2013ರಲ್ಲಿ, ಔಷಧಿ ಮತ್ತು ವೈದ್ಯಕೀಯ ಯಂತ್ರಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ, ನೆಬಾ ಎಂಬ ಇಇಜಿ ಯಂತ್ರಕ್ಕೆ ಅನುಮತಿ ಕೊಟ್ಟಿತು. ಸೆಂಟರಿನವರು ಇದನ್ನು ಹೇಳಿಯೇ ಹೇಳುತ್ತಾರೆ. ಆದರೆ ಅನುಮತಿ ಕೊಟ್ಟಿದ್ದು ವೈದ್ಯರು ಮಗುವನ್ನು ಪೂರ್ತಿ ಪರೀಕ್ಷೆ ಮಾಡುವಾಗ ಜೊತೆಗೊಂದು ಸಹಾಯ ಅಂತ, ಅದೂ 6ರಿಂದ 17 ವರ್ಷದವರಿಗೆ. ಯಂತ್ರವೇ ಡಾಕ್ಟರ್ ಆಗಲಿ ಅಂತ ಅಲ್ಲ. 2016ರಲ್ಲಿ ಅಲ್ಲಿನ ನರರೋಗ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿ ಇನ್ನೂ ಖಡಾಖಂಡಿತವಾಗಿ ಹೇಳಿತು: ಸರಿಯಾದ ಪರೀಕ್ಷೆಯ ಬದಲು ಇದನ್ನು ಬಳಸಬೇಡಿ.

ಒಂದು ಸಣ್ಣ ಲೆಕ್ಕ ಹಾಕೋಣ. ಶಾಲೆಯಲ್ಲಿ 100 ಮಕ್ಕಳಿದ್ದಾರೆ, ಅದರಲ್ಲಿ 5 ಮಕ್ಕಳಿಗೆ ಎಡಿಎಚ್‌ಡಿ ಇದೆ ಅಂತ ಇಟ್ಟುಕೊಳ್ಳಿ. ಟೆಸ್ಟ್ ನೂರಕ್ಕೆ 80 ಸಲ ಸರಿ. ಕೇಳಲು ಚೆನ್ನಾಗಿಯೇ ಇದೆ ಅಲ್ವಾ? ಆ 5ರಲ್ಲಿ 4 ಮಕ್ಕಳನ್ನು ಅದು ಹಿಡಿಯುತ್ತದೆ. ಉಳಿದ 95 ಮಕ್ಕಳಲ್ಲಿ 19 ಮಕ್ಕಳನ್ನು ತಪ್ಪಾಗಿ ಹಿಡಿಯುತ್ತದೆ. ಒಟ್ಟು 23 ಮಕ್ಕಳ ಮನೆಗೆ ಕೆಂಪು ರಿಪೋರ್ಟ್ ಹೋಯಿತು, ನಿಜಕ್ಕೂ ತೊಂದರೆ ಇದ್ದವರು 4. ಮಿಕ್ಕ 19 ಮನೆಗಳಲ್ಲಿ ಅಜ್ಜಿಯರು ಸುಮ್ನೆ ಅತ್ತರು. ನ್ಯಾಯವಾಗಿ ಹೇಳಬೇಕೆಂದರೆ, ನಿಮ್ಮ ಮಗ ಶಾಲೆಯ ಎಲ್ಲ ಮಕ್ಕಳಂತೆ ಸುಮ್ನೆ ಬಂದವನಲ್ಲ, ದೂರು ಇದ್ದೇ ಬಂದವನು. ಅಂಥವರಲ್ಲಿ ಈ ತಪ್ಪಿನ ಪ್ರಮಾಣ ಇಷ್ಟಿರುವುದಿಲ್ಲ. ಆದರೆ ಅಂಥವರಲ್ಲಿ ಮಾತಾಡಿಸಿ, ಶಾಲೆಯಿಂದ ವಿವರ ತರಿಸಿದರೇ ಬಹುಪಾಲು ಗೊತ್ತಾಗಿಬಿಡುತ್ತದೆ. ಯಂತ್ರ ಹೊಸದಾಗಿ ಹೇಳುವುದು ಕಡಿಮೆ.

‘ಇಂಪಲ್ಸ್ ಕಂಟ್ರೋಲ್ ಡಿಸಾರ್ಡರ್’ ಅಂತ, ಅಂದರೆ ಮನಸ್ಸಿನ ಹಠಾತ್ ಸೆಳೆತ ತಡೆಯಲಾಗದ ಕಾಯಿಲೆ ಅಂತ ಬರೆದಿದ್ದಾರಲ್ಲ, ಅದು ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಬಹುಶಃ ಚಿಪ್ಸಿನ ಕಥೆ ನೀವು ಅಲ್ಲಿ ಹೇಳಿರಬೇಕು. ಮನೋವೈದ್ಯರು ಕ್ಲೆಪ್ಟೋಮೇನಿಯಾ ಅನ್ನುವ ಕಾಯಿಲೆಯಲ್ಲಿ ಜನ ತಮಗೆ ಬೇಡದ್ದನ್ನು, ಉಪಯೋಗಕ್ಕೆ ಬಾರದ್ದನ್ನು ತಡೆಯಲಾಗದೆ ಎತ್ತಿಕೊಳ್ಳುತ್ತಾರೆ. ಅದು ಅಪರೂಪ. ನಿಮ್ಮ ಮಗನಿಗೆ ಚಿಪ್ಸ್ ಬೇಕಿತ್ತು, ದುಡ್ಡು ತೆಗೆದ, ಚಿಪ್ಸ್ ತಂದ. ಇದಕ್ಕೆ ಇಇಜಿ ಬೇಕಿಲ್ಲ. ತಪ್ಪು ತಪ್ಪೇ, ತಿದ್ದಬೇಕು. ರೋಗದ ಹೆಸರು ಮಾತ್ರ ಬೇಡ.

ಹಾಗಂತ ಮನಸ್ಸಿನ ಬ್ರೇಕ್ ಅಳೆಯುವ ವಿಜ್ಞಾನ ಇಲ್ಲ ಅಂತಲ್ಲ. ತುಂಬ ಚೆಂದದ ಪ್ರಯೋಗಗಳಿವೆ. ಒಂದರಲ್ಲಿ ಪರದೆಯ ಮೇಲೆ ಬಾಣ ಮೂಡುತ್ತದೆ, ಎಡಕ್ಕಿದ್ದರೆ ಎಡ ಬಟನ್, ಬಲಕ್ಕಿದ್ದರೆ ಬಲ ಬಟನ್ ಬೇಗ ಒತ್ತಬೇಕು. ನಾಲ್ಕರಲ್ಲಿ ಒಂದು ಸಲ ಬಾಣ ಬಂದು ಸೆಕೆಂಡಿನ ಒಂದು ಚೂರು ಕಳೆದ ಮೇಲೆ ‘ಟುಂಯ್’ ಅಂತ ಸದ್ದಾಗುತ್ತದೆ. ಸದ್ದು ಕೇಳಿದರೆ ಒತ್ತಬಾರದು, ಹೊರಟ ಬೆರಳನ್ನು ಹಿಡಿದು ನಿಲ್ಲಿಸಬೇಕು. ದೊಡ್ಡವರಿಗೆ ಹಾಗೆ ನಿಲ್ಲಿಸಲು ಸೆಕೆಂಡಿನ ಸುಮಾರು ಕಾಲು ಭಾಗ ಸಾಕು. ಎಡಿಎಚ್‌ಡಿ ಇರುವ ಮಕ್ಕಳಿಗೆ ಸರಾಸರಿ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಮಿದುಳಿನ ಬಲಭಾಗದಲ್ಲಿ, ಹಣೆಯ ಹಿಂದೆ ಕೆಳಗಡೆ ಇರುವ ಒಂದು ಜಾಗಕ್ಕೆ ಪೆಟ್ಟಾದವರಿಗೂ ಹಾಗೇ. ಬ್ರೇಕಿನ ಪೆಡಲ್ ಆ ಕಡೆ ಎಲ್ಲೋ ಇದೆ ಅಂತ ಇದರಿಂದ ತಿಳಿಯಿತು.

ಇನ್ನೊಂದು ಪಿ300 ಅನ್ನುವ ಅಲೆ. ಒಂದೇ ಥರದ ಸದ್ದು ಬರುತ್ತಿರುವಾಗ ನಡುವೆ ಬೇರೆ ಸದ್ದೊಂದು ಬಂದರೆ, ಸುಮಾರು 300 ಮಿಲಿಸೆಕೆಂಡಿನ ಹೊತ್ತಿಗೆ ಇಇಜಿಯಲ್ಲಿ ಒಂದು ಗುಡ್ಡ ಏಳುತ್ತದೆ. ಅಮೆರಿಕದ ಹೆನ್ರಿ ಬೆಗ್ಲೈಟರ್ 1984ರಲ್ಲಿ ಕುಡಿತದ ಚಟ ಇದ್ದವರ ಗಂಡುಮಕ್ಕಳಲ್ಲಿ ಈ ಅಲೆ ಅಳೆದರು. ಅವರು ಚಿಕ್ಕ ಹುಡುಗರು, ಒಂದು ತೊಟ್ಟೂ ಕುಡಿದವರಲ್ಲ. ಆದರೂ ಅವರ ಗುಡ್ಡ ಕುಳ್ಳಗಿತ್ತು. 1990ರ ದಶಕದಲ್ಲಿ ನಮ್ಮ ನಿಮ್ಹಾನ್ಸ್‌ನಲ್ಲೂ ಕುಡಿತದ ಚಟ ಇದ್ದವರ ಕುಟುಂಬಗಳಲ್ಲಿ ಹೀಗೆ ಅಳೆದು ನೋಡಿದರು, ಅಲ್ಲೂ ಅದೇ ಬಂತು. ಅಂದರೆ ಚಟ ಅಂಟುವ ಮೊದಲೇ ಮಿದುಳಿನಲ್ಲಿ ಒಂದು ಸುಳಿವು ಇರುತ್ತದೆ. ಈ ಕೆಲಸದ ಬಗ್ಗೆ ನನಗೆ ತುಂಬ ಗೌರವ. ಆದರೆ ಮುಂದೆ ಏನಾಯಿತು ಕೇಳಿ. ಹೊಡೆದಾಟ, ಕಳ್ಳತನಕ್ಕೆ ಬಿದ್ದ ಹುಡುಗರಲ್ಲೂ ಪಿ300 ಕುಳ್ಳ. ಎಡಿಎಚ್‌ಡಿಯಲ್ಲೂ ಕುಳ್ಳ. ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆಯಲ್ಲಂತೂ ಕುಳ್ಳವೇ. ಇಷ್ಟೊಂದು ಬಾಗಿಲಿಗೆ ಒಂದೇ ಬೀಗದಕೈ ಆಗುವುದಾದರೆ, ಕೈಯಲ್ಲಿರುವ ಬೀಗದಕೈ ನೋಡಿ ಯಾರ ಮನೆಯದು ಅಂತ ಹೇಗೆ ಹೇಳುವುದು?

ಸ್ಕ್ಯಾನ್ ಮಾಡಿಸಿದರೆ ಗೊತ್ತಾಗಬಹುದಾ ಅಂತ ಮುಂದೆ ಕೇಳಬಹುದು. 2017ರಲ್ಲಿ ಬೇರೆ ಬೇರೆ ದೇಶದವರು ಸೇರಿ, ಎಡಿಎಚ್‌ಡಿ ಇರುವ 1,713 ಜನ ಮತ್ತು ಇಲ್ಲದ 1,529 ಜನರ ಎಂಆರ್‌ಐ ಹೋಲಿಸಿದರು. ಮಿದುಳಿನ ಕೆಲವು ಭಾಗಗಳು ಎಡಿಎಚ್‌ಡಿ ಗುಂಪಿನಲ್ಲಿ ಸ್ವಲ್ಪ ಚಿಕ್ಕವಿದ್ದವು. ಆ ‘ಸ್ವಲ್ಪ’ ಎಷ್ಟು ಸ್ವಲ್ಪ ಅಂದರೆ, ಸಾವಿರಾರು ಜನರನ್ನು ಗುಡ್ಡೆ ಹಾಕಿದರೆ ಮಾತ್ರ ಕಾಣುವಷ್ಟು. ಒಂದು ಮಗುವಿನ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರೆ ಏನೂ ಕಾಣುವುದಿಲ್ಲ. ಇನ್ನೊಂದು ಅಧ್ಯಯನ 2013ರದು. ನ್ಯೂ ಮೆಕ್ಸಿಕೋದಲ್ಲಿ ಜೈಲಿನಿಂದ ಬಿಡುಗಡೆಯಾಗಲಿದ್ದ 96 ಗಂಡಸರಿಗೆ ‘ಒತ್ತು, ಒತ್ತಬೇಡ’ ಥರದ ಆಟ ಆಡಿಸಿ ಸ್ಕ್ಯಾನ್ ಮಾಡಿದರು, ನಾಲ್ಕು ವರ್ಷ ಗಮನಿಸಿದರು. ತಪ್ಪನ್ನು ಗುರುತಿಸುವ ಜಾಗದಲ್ಲಿ ಚಟುವಟಿಕೆ ಕಡಿಮೆ ಇದ್ದವರು ಮತ್ತೆ ಬಂಧನಕ್ಕೊಳಗಾಗುವ ಸಂಭವ ಸುಮಾರು ಎರಡು ಪಟ್ಟು ಇತ್ತು. ಪೇಪರಿನವರಿಗೆ ಹಬ್ಬ. ಆದರೆ ಆ ಚಟುವಟಿಕೆ ಕಡಿಮೆ ಇದ್ದೂ ನೆಟ್ಟಗೆ ಬದುಕಿದವರೂ ಆ ಗುಂಪಿನಲ್ಲೇ ಇದ್ದರು. ಅವರಿಗೆ ಮೊದಲೇ ಒಂದು ಚೀಟಿ ಅಂಟಿಸಿದ್ದರೆ?

ಇಲ್ಲೊಂದು ಮಾತು ಬಿಡಬಾರದು. ನಮ್ಮಲ್ಲಿ ‘ಬ್ರೈನ್ ಮ್ಯಾಪಿಂಗ್’ ಅಂದ ತಕ್ಷಣ ಎಷ್ಟೋ ಮಂದಿಗೆ ನೆನಪಾಗುವುದು ಪೊಲೀಸರು, ಮಂಪರು ಪರೀಕ್ಷೆ. ಆರೋಪಿಯ ತಲೆಗೆ ತಂತಿ ಹಚ್ಚಿ ‘ಅಪರಾಧದ ನೆನಪು’ ಹುಡುಕುವ ಆ ಪರೀಕ್ಷೆಯೂ ಇಇಜಿಯೇ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಕೇಸಿನಲ್ಲಿ 2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಇಂಥದ್ದನ್ನು ಯಾರ ಮೇಲೂ ಮಾಡುವಂತಿಲ್ಲ ಅಂದಿತು. ಮಕ್ಕಳ ಸೆಂಟರುಗಳು ಅದೇ ಹೆಸರನ್ನು ಬೋರ್ಡಿನ ಮೇಲೆ ಬರೆಸಿಕೊಂಡಿವೆ, ಕೆಲಸ ಬೇರೆ. ಹೆಸರು ಕೇಳಿದರೇ ಏನೋ ದೊಡ್ಡದು ಅನ್ನಿಸುತ್ತದೆ, ಅಷ್ಟೇ ಅದರ ಲಾಭ.

ಯಂತ್ರವಿಲ್ಲದೆ ಏನು ಕಂಡುಹಿಡಿಯಬಹುದು ಅನ್ನುವುದಕ್ಕೆ ನನಗೆ ಇಷ್ಟದ ಉದಾಹರಣೆ ಪಾರ್ಕಿನ್‌ಸನ್ಸ್ ಕಾಯಿಲೆಯದು. ಕೈ ನಡುಗುವ ಆ ಕಾಯಿಲೆಗೆ ಪ್ರಮಿಪೆಕ್ಸೋಲ್, ರೋಪಿನಿರೋಲ್ ಥರದ ಮಾತ್ರೆ ಕೊಡುತ್ತಾರೆ. ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಮಾಡುವ ಕೆಲಸವನ್ನೇ ಅವೂ ಮಾಡುತ್ತವೆ. ಇವನ್ನು ನುಂಗಿದ ಮೇಲೆ, ಜೀವಮಾನದಲ್ಲಿ ಇಸ್ಪೀಟು ಮುಟ್ಟದ ಕೆಲವು ಯಜಮಾನರು ಇದ್ದಕ್ಕಿದ್ದಂತೆ ಜೂಜಿಗೆ ಬೀಳುತ್ತಾರೆ, ಇಲ್ಲ ಬೇಡದ್ದನ್ನೆಲ್ಲ ಕೊಳ್ಳುತ್ತಾರೆ, ರಾತ್ರಿ ಎದ್ದು ಡಬ್ಬಗಟ್ಟಲೆ ತಿನ್ನುತ್ತಾರೆ. ಇದು ನಿಜವಾದ ಇಂಪಲ್ಸ್ ಕಂಟ್ರೋಲ್ ತೊಂದರೆ, ಮಿದುಳಿನ ರಸಾಯನಕ್ಕೆ ನೇರ ಅಂಟಿಕೊಂಡಿದ್ದು. 2010ರಲ್ಲಿ ಅಮೆರಿಕ, ಕೆನಡಾದ 3,090 ರೋಗಿಗಳಲ್ಲಿ ಹುಡುಕಿದಾಗ ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ನೂರಕ್ಕೆ 17 ಮಂದಿಗೆ ಇತ್ತು, ತೆಗೆದುಕೊಳ್ಳದವರಲ್ಲಿ ನೂರಕ್ಕೆ 7 ಮಂದಿಗೆ. ಹೇಗೆ ಹುಡುಕಿದರು? ಕೂರಿಸಿಕೊಂಡು ಕೇಳಿದರು. ಸ್ಕ್ಯಾನ್ ಅಲ್ಲ, ಟೋಪಿ ಅಲ್ಲ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಈ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದು, ಮೊಬೈಲ್ ರಮ್ಮಿಯಲ್ಲಿ ದುಡ್ಡು ಕಳೆಯುತ್ತಿದ್ದರೆ ಬೈಯುವ ಮೊದಲು ಅವರ ಡಾಕ್ಟರಿಗೆ ಹೇಳಿ. ಮಾತ್ರೆ ತಾವೇ ನಿಲ್ಲಿಸುವುದು ಬೇಡ.

ಸರಿ, ಮತ್ತೆ ನಿಮ್ಮ 48,000ಕ್ಕೆ ಬರೋಣ. ನ್ಯೂರೋಫೀಡ್‌ಬ್ಯಾಕಿನಲ್ಲಿ ಮಗು ಟೋಪಿ ಹಾಕಿಕೊಂಡು ಪರದೆಯ ಮುಂದೆ ಕೂರುತ್ತದೆ. ಥೀಟಾ ಇಳಿದರೆ ಆಟ ಮುಂದೆ ಓಡುತ್ತದೆ, ಏರಿದರೆ ನಿಲ್ಲುತ್ತದೆ. ಇದನ್ನು ಸರಿಯಾಗಿ ಪರೀಕ್ಷಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 7ರಿಂದ 10 ವರ್ಷದ 144 ಮಕ್ಕಳು, ಎಲ್ಲರಿಗೂ ಎಡಿಎಚ್‌ಡಿ ಖಚಿತ, ಎಲ್ಲರ ಥೀಟಾ-ಬೀಟಾ 4.5 ಅಥವಾ ಜಾಸ್ತಿ. ಹೆಚ್ಚುಕಮ್ಮಿ ನಿಮ್ಮ ಮಗನ ರಿಪೋರ್ಟಿನಂಥವರೇ ನೋಡಿ. ಒಂದು ಗುಂಪಿಗೆ ಅವರದೇ ಮಿದುಳಿನ ಅಲೆಯಿಂದ ಆಟ ಓಡಿತು. ಇನ್ನೊಂದು ಗುಂಪಿಗೆ ಎಲ್ಲವೂ ಹಾಗೇ, ಆದರೆ ಆಟಕ್ಕೂ ಅವರ ಅಲೆಗೂ ಸಂಬಂಧವಿರಲಿಲ್ಲ. ಮಕ್ಕಳಿಗೂ ಗೊತ್ತಿಲ್ಲ, ಅಪ್ಪ ಅಮ್ಮಂದಿರಿಗೂ ಗೊತ್ತಿಲ್ಲ. 38 ಸಿಟ್ಟಿಂಗ್ ಆದ ಮೇಲೆ ಎರಡೂ ಗುಂಪು ಚೆನ್ನಾಗಿಯೇ ಸುಧಾರಿಸಿದವು, ಒಂದೇ ಸಮ. ಅಂದರೆ ಕೆಲಸ ಮಾಡಿದ್ದು ಅಲೆಯ ತರಬೇತಿಯಲ್ಲ. ವಾರಕ್ಕೆ ಹಲವು ಸಲ ಮಗುವನ್ನು ಕರೆದುಕೊಂಡು ಹೋಗಿದ್ದು, ಒಬ್ಬ ದೊಡ್ಡವರು ಪಕ್ಕ ಕೂತು ಶಭಾಷ್ ಅಂದಿದ್ದು, ಮನೆಯವರಿಗೆ ಭರವಸೆ ಬಂದಿದ್ದು, ಇಂಥವೇ ಇರಬೇಕು. ಅವನ್ನು ನೀವು ಮನೆಯಲ್ಲೇ ಕೊಡಬಹುದು.

ಇಇಜಿಯೇ ದಂಡ ಅಂತ ಮಾತ್ರ ತಿಳಿಯಬೇಡಿ. ಒಂದು ಕಡೆ ಅದು ಬೇಕೇ ಬೇಕು. ಕೆಲವು ಸಲ ‘ಪಾಠದಲ್ಲಿ ಗಮನ ಇಲ್ಲ’ ಅಂತ ಕಳಿಸಿದ ಮಗುವಿಗೆ ಇರುವುದು ಒಂದು ಬಗೆಯ ಫಿಟ್ಸ್. ಬೀಳುವುದಿಲ್ಲ, ಕೈಕಾಲು ಒದೆಯುವುದಿಲ್ಲ. ಮಾತಾಡುತ್ತಾ ಆಡುತ್ತಾ ಐದಾರು, ಹತ್ತು ಸೆಕೆಂಡು ಕಣ್ಣು ನೆಟ್ಟು ಸ್ತಬ್ಧವಾಗುತ್ತದೆ, ರೆಪ್ಪೆ ಸ್ವಲ್ಪ ಅದುರಬಹುದು, ಆಮೇಲೆ ಏನೂ ಆಗದವರಂತೆ ಮುಂದುವರಿಯುತ್ತದೆ. ದಿನಕ್ಕೆ ಹತ್ತಾರು ಸಲ ಆಗಬಹುದು. ನಾವು ಮಗುವಿನ ಕೈಗೆ ಕಾಗದದ ಗಿರಗಿಟ್ಲೆ ಕೊಟ್ಟು, ನಿಲ್ಲಿಸದೆ ಊದಲು ಹೇಳುತ್ತೇವೆ. ಎರಡು ಮೂರು ನಿಮಿಷ ಊದುವಷ್ಟರಲ್ಲಿ ಗಿರಗಿಟ್ಲೆ ನಿಲ್ಲುತ್ತದೆ, ಮಗು ಶೂನ್ಯ ನೋಡುತ್ತದೆ, ಇಇಜಿಯಲ್ಲಿ ಸೆಕೆಂಡಿಗೆ ಮೂರರಂತೆ ಚೂಪು ಅಲೆಗಳ ಸಾಲು ಓಡುತ್ತದೆ. ಅದನ್ನು ಓದಲು ಬಣ್ಣ ಬೇಕಿಲ್ಲ. ಅದಕ್ಕೆ ಮಾತ್ರೆಯೇ ಬೇರೆ. ನಿಮ್ಮ ಮಗನಿಗೆ ಹೀಗೆ ಆಗುತ್ತದಾ ಅಂತ ಒಂದು ವಾರ ಗಮನಿಸಿ, ಟೀಚರನ್ನೂ ಕೇಳಿ. ಆಗುತ್ತಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ.

ಎಡಿಎಚ್‌ಡಿ ಪತ್ತೆ ಮಾಡುವ ದಾರಿ ಹಳೆಯದೇ. ಗಮನ ಕೊಡದಿರುವ 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿನ 9 ಲಕ್ಷಣ ಪಟ್ಟಿಯಲ್ಲಿವೆ. ಯಾವುದಾದರೂ ಒಂದರಲ್ಲಿ ಕನಿಷ್ಠ 6 ಇರಬೇಕು, 6 ತಿಂಗಳಿಂದ ಇರಬೇಕು, ಕೆಲವಾದರೂ 12 ವರ್ಷಕ್ಕಿಂತ ಮೊದಲೇ ಶುರುವಾಗಿರಬೇಕು, ಮನೆಯಲ್ಲೂ ಶಾಲೆಯಲ್ಲೂ ಕಾಣಬೇಕು. ಈ ಕೊನೆಯದಕ್ಕೆ ನಿಮ್ಮ ಪತ್ರದಲ್ಲಿ ಉತ್ತರವಿಲ್ಲ. ಎಲ್ಲ ದೂರೂ ಹೋದ ವರ್ಷ ಶಾಲೆ ಬದಲಾದ ಮೇಲಿನದು. ಹಳೇ ಕನ್ನಡ ಶಾಲೆಯ ಮೇಷ್ಟ್ರು ಏನನ್ನುತ್ತಿದ್ದರು? ಅಲ್ಲಿ ಸುಮ್ಮನೆ ಕೂತು ಪಾಠ ಕೇಳುತ್ತಿದ್ದರೆ, ಈಗ ಅರ್ಥವಾಗದ ಭಾಷೆಯಲ್ಲಿ ದಿನಕ್ಕೆ ಆರು ತಾಸು ಕೂರುವುದು ಅವನಿಗೆ ಹೇಗಿರಬಹುದು ಯೋಚಿಸಿ. ನನಗಾದರೂ ಪಕ್ಕದವನಿಗೆ ಹೊಡೆಯೋಣ ಅನ್ನಿಸೀತು. ಇನ್ನೊಂದು ಪಕ್ಷ, ಹಳೇ ಶಾಲೆಯಲ್ಲೂ ಇದೇ ಗೋಳಿದ್ದರೆ ಎಡಿಎಚ್‌ಡಿ ಇರುವ ಸಾಧ್ಯತೆ ಜಾಸ್ತಿಯೇ. ಹಾಗಿದ್ದರೆ ಹೆದರಬೇಡಿ, ಒಳ್ಳೆ ಚಿಕಿತ್ಸೆ ಇದೆ. ಮೊದಲು ಅಪ್ಪ ಅಮ್ಮನಿಗೆ ಕಲಿಸುವ ಕೆಲವು ಕ್ರಮಗಳು, ಕ್ಲಾಸಿನಲ್ಲಿ ಮುಂದಿನ ಬೆಂಚು, ಪಾಠವನ್ನು ಚೂರು ಚೂರಾಗಿ ಕೊಡುವುದು. ಸಾಕಾಗದಿದ್ದರೆ ಮೀಥೈಲ್‌ಫೆನಿಡೇಟ್ ಮಾತ್ರೆ, ಅದು ಹೆಚ್ಚಿನ ಮಕ್ಕಳಿಗೆ ಹಿಡಿಸುತ್ತದೆ. ಹಸಿವೆ ಕಡಿಮೆಯಾಗಬಹುದು, ನಿದ್ದೆ ತಡವಾಗಬಹುದು, ಅದಕ್ಕೇ ತೂಕ, ಎತ್ತರ ನೋಡುತ್ತಾ ಕೊಡುತ್ತೇವೆ.

ನಿಮ್ಮ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಮೊದಲು ಹೋಗಿ. ಅಲ್ಲಿಂದ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ, ನಿಮಗೆ ಬೆಂಗಳೂರಿಗಿಂತ ಅದೇ ಹತ್ತಿರ. ಹೋಗುವ ಮೊದಲು ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹೋಗುವಾಗ ಎರಡೂ ಶಾಲೆಯ ನೋಟ್‌ಬುಕ್ಕು, ಆ ಡೈರಿ ತೆಗೆದುಕೊಂಡು ಹೋಗಿ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿಲ್ಲವಾದರೆ ಅದೂ ಆಗಲಿ. ಬಣ್ಣದ ರಿಪೋರ್ಟನ್ನೂ ಬೇಕಾದರೆ ಒಯ್ಯಿರಿ, ಬಿಸಾಡಬೇಡಿ, ಆರು ಸಾವಿರದ್ದು.

ಮತ್ತೆ ಒಂದು ರಾತ್ರಿ ಅವನು ಮಲಗಿದ ಮೇಲೆ ಹತ್ತು ನಿಮಿಷ ಪಕ್ಕ ಕೂತು ನೋಡಿ. ಬಾಯಿ ತೆರೆದು ಗೊರಕೆ ಹೊಡೆಯುತ್ತಾನಾ, ಉಸಿರು ನಡುನಡುವೆ ಕಟ್ಟಿದಂತಾಗುತ್ತದಾ? ಮೂಗಿನ ಹಿಂದೆ ಅಡಿನಾಯ್ಡ್ ಅನ್ನುವ ಮಾಂಸ ಬೆಳೆದ ಮಕ್ಕಳಿಗೆ ರಾತ್ರಿಯಿಡೀ ನಿದ್ದೆ ಕೆಡುತ್ತದೆ. ದೊಡ್ಡವರಾದರೆ ಹಗಲಲ್ಲಿ ತೂಕಡಿಸುತ್ತಾರೆ, ಮಕ್ಕಳು ಎಷ್ಟೋ ಸಲ ಉಲ್ಟಾ, ಹಾರಾಡುತ್ತಾರೆ. ಹಾಗಿದ್ದರೆ ಮನೋವೈದ್ಯರಿಗಿಂತ ಮೊದಲು ಕಿವಿ ಮೂಗು ಗಂಟಲಿನ ಡಾಕ್ಟರು. ಏನು ಕಂಡಿತು ಅಂತ ನನಗೂ ಬರೆಯಿರಿ.